ಕ್ರಿಮಿನಲ್ ಜಸ್ಟಿಸ್ ಓದಿ ಏನಾಗುತ್ತೀರಿ ಎಂದು ಕೇಳುವವರಿಗೆ

ನಾನು ಆನ್‌ಲೈನ್‌ನಲ್ಲಿ ಕ್ರಿಮಿನಲ್ ಜಸ್ಟಿಸ್ ಪದವಿ ಓದುತ್ತಿದ್ದೇನೆಂಬ ಸುದ್ದಿ ಕೊಡಗಿನ ನಾಪೋಕ್ಲಿನಿಂದ ವಿರಾಜಪೇಟೆಯವರೆಗೆ ಹಬ್ಬಿದ ಮೇಲೆ ಕಂಡವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದನ್ನು ಓದಿ ಏನಾಗುತ್ತೀರಿ?" ಮೊದಮೊದಲು ನಗುನಗುತ್ತಲೇ ಉತ್ತರಿಸುತ್ತಿದ್ದೆ. ಈಗ ಬಾಯಿ ನೋಯುತ್ತಿರುವುದರಿಂದ ಬರೆದಿಡುತ್ತಿದ್ದೇನೆ.

ಪೊಲೀಸ್ ಆಗುವುದಿಲ್ಲ. ಪಿಎಸ್‌ಐ ನೇಮಕಾತಿಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ನಡೆಯದಿರುವುದು ನನ್ನ ವಯಸ್ಸು. ವಕೀಲಳೂ ಆಗುವುದಿಲ್ಲ. ದೂರಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಪಡೆದ ಎಲ್‌ಎಲ್‌ಬಿಯನ್ನು ಭಾರತೀಯ ವಕೀಲರ ಪರಿಷತ್ತು ಒಪ್ಪುವುದಿಲ್ಲ, ನಾನು ಓದುತ್ತಿರುವುದಂತೂ ಎಲ್‌ಎಲ್‌ಬಿಯೇ ಅಲ್ಲ. ಹಾಗಾದರೆ ಇಂಥ ಡಿಗ್ರಿಗೆ ಬೆಲೆಯಿದೆಯೇ ಎಂದು ಮುಖ ಸಿಂಡರಿಸುವವರಿಗೆ: ಮಾನ್ಯತೆ ಪಡೆದ ಸಂಸ್ಥೆಯ ಆನ್‌ಲೈನ್ ಪದವಿ ತರಗತಿಯಲ್ಲಿ ಕುಳಿತು ಪಡೆದ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ನಂಬಿಕೆಯಿಲ್ಲದಿದ್ದರೆ ಅವರನ್ನೇ ಕೇಳಿ, ನನ್ನನ್ನು ಬಿಡಿ.

ನನ್ನ ತಾಳ್ಮೆ ಪೂರ್ತಿ ಮುಗಿದದ್ದು ವಿರಾಜಪೇಟೆಯ ಒಂದು ಮದುವೆಯಲ್ಲಿ. ಕಡುಂಬುಟ್ಟು (ಅಕ್ಕಿಯ ಉಂಡೆ) ಬಡಿಸುವ ಸಾಲಿನಲ್ಲಿ ನನ್ನ ಮುಂದಿದ್ದ ಸುಬೇದಾರ್ ಮಾವ, ಪರೇಡ್ ಮೈದಾನಕ್ಕೆ ಕೇಳಿಸುವಂಥ ದನಿಯಲ್ಲಿ, "ಏನಮ್ಮಾ, ಮೊಬೈಲಿನಲ್ಲೇ ಕಳ್ಳರನ್ನು ಹಿಡಿಯಲು ಕಲಿಸುತ್ತಾರಂತೆ?" ಎಂದರು. ಸಾಲಿಗೆ ಸಾಲೇ ನಕ್ಕಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ನಗುತ್ತಿದ್ದೆ. "ಕೋವಿಗೇ ಲೈಸೆನ್ಸ್ ಬೇಡದ ಊರಿನವರು ನಾವು, ನಮಗೇಕಮ್ಮಾ ಈ ಕಾನೂನೆಲ್ಲ?" ಎಂದು ಸೇರಿಸಿದ್ದರಿಂದ ನಾನು ತಟ್ಟೆ ಹಿಡಿದುಕೊಂಡೇ ಶುರು ಮಾಡಿದೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ವಿನಾಯಿತಿ ಬಂದಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಹೊರಡಿಸುವ ಅಧಿಸೂಚನೆಯಿಂದ, ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದ್ದಾರೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ, ಆದ್ದರಿಂದ ನೀವು ಹೆಮ್ಮೆಪಡುವ ಆ ವಿನಾಯಿತಿಯೂ ಅವಧಿ ನಮೂದಿಸಿದ ಒಂದು ಕಾನೂನೇ, ಅದು ಲೈಸೆನ್ಸಿನಿಂದ ಬಿಡುಗಡೆ ಕೊಡುತ್ತದೆಯೇ ಹೊರತು ಹಂದಿಗೆಂದು ಹಾರಿಸಿದ ಗುಂಡು ಪಕ್ಕದ ತೋಟದವನಿಗೆ ತಗುಲಿದರೆ ಅದರಿಂದಲ್ಲ ಎಂದೆ. ಮಾವ ಒಂದು ಕ್ಷಣ ನೋಡಿ, "ಪಂದಿಕರಿ ಆರುತ್ತಿದೆ, ಮುಂದೆ ಹೋಗು" ಎಂದರು.

ಏನು ಓದುತ್ತೀ ಎಂದು ಕೇಳಿದವರು ಇದುವರೆಗೆ ಸಿಕ್ಕಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಪೊಲೀಸ್ ಠಾಣೆ, ನ್ಯಾಯಾಲಯ, ಜೈಲು ಈ ಮೂರನ್ನೂ ಒಂದೇ ವ್ಯವಸ್ಥೆಯಾಗಿ ನೋಡುವುದು ಈ ಓದಿನ ತಿರುಳು. ಒಂದು ಕಡೆ ತಡವಾದದ್ದು ಇನ್ನೊಂದು ಕಡೆ ತುಂಬಿಕೊಳ್ಳುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ವರದಿಯಲ್ಲಿ ದೇಶದ ಕೈದಿಗಳಲ್ಲಿ ಶೇ. 75.8ರಷ್ಟು ಮಂದಿ ವಿಚಾರಣಾಧೀನರು, ಅಂದರೆ ತಪ್ಪಿತಸ್ಥರೆಂದು ಇನ್ನೂ ತೀರ್ಮಾನವಾಗದವರು. ನಾನು ಅತಿ ಉದ್ದವಾಗಿ ಬರೆದ ಅಸೈನ್‌ಮೆಂಟ್ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆಂದು ನೇಮಿಸಿದ್ದ ಮಳಿಮಠ ಸಮಿತಿಯ ಬಗ್ಗೆ. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ನಮ್ಮವರೇ ಆದ ವಿ.ಎಸ್. ಮಳಿಮಠರ ಅಧ್ಯಕ್ಷತೆಯ ಆ ಸಮಿತಿ 2003ರ ವರದಿಯಲ್ಲಿ, ಸಂಶಯಾತೀತವಾಗಿ ಸಾಬೀತಾಗಬೇಕೆಂಬ ಮಾನದಂಡವನ್ನು ಸಡಿಲಿಸಲು, ಎಸ್‌ಪಿ ದರ್ಜೆಯ ಅಧಿಕಾರಿ ದಾಖಲಿಸಿಕೊಂಡ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಶಿಫಾರಸು ಮಾಡಿತು. ಶಿಕ್ಷೆಯಾಗುವವರ ಪ್ರಮಾಣ ಕಡಿಮೆಯೆಂಬ ಅವರ ಚಿಂತೆ ಸುಳ್ಳಲ್ಲ. ಆದರೆ ತನಿಖೆ ಸರಿಯಿಲ್ಲದಿದ್ದರೆ ತನಿಖೆಯನ್ನು ಸರಿಪಡಿಸಬೇಕಲ್ಲದೆ ಸಾಬೀತಿನ ಮಟ್ಟವನ್ನು ಇಳಿಸಬಾರದು ಎಂದು ಬರೆದೆ. ಅಂಕ ಸಾಧಾರಣವಾಗಿಯೇ ಬಂತು, ಅಭಿಪ್ರಾಯ ಬದಲಾಗಿಲ್ಲ.

ಓದುವ ನಡುವೆಯೇ, 2024ರ ಜುಲೈ 1ರಂದು, ಕಾನೂನೇ ಬದಲಾಯಿತು. 511 ಕಲಮುಗಳ ದಂಡ ಸಂಹಿತೆ ಹೋಗಿ 358 ಕಲಮುಗಳ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆಯ 302 ಈಗ 103, ವಂಚನೆಯ 420 ಈಗ 318. ನನ್ನ ಪಠ್ಯದಲ್ಲಿದ್ದದ್ದು ಹಳೆಯ ಸಂಖ್ಯೆಗಳು. ನಾನು ರೈಟರ್ (ಗುಮಾಸ್ತೆ) ಆಗಿರುವ ತೋಟದ ಕಚೇರಿಯಲ್ಲಿ ಚೆಕ್‌ರೋಲ್ (ಕೆಲಸದವರ ಹಾಜರಿ ಪಟ್ಟಿ) ಬರೆದು ಮುಗಿಸಿದ ಮೇಲೆ, ಅದೇ ಪೆನ್ಸಿಲಿನಲ್ಲಿ ಪುಟದ ಅಂಚಿನಲ್ಲಿ ಹೊಸ ಸಂಖ್ಯೆಗಳನ್ನು ಬರೆದುಕೊಂಡೆ. ಮಳೆಗಾಲದ ತೇವಕ್ಕೆ ಹಾಳೆ ಮೆತ್ತಗಾಗಿ, ಕೆಲವು ಕಡೆ ಅಕ್ಷರ ಮೂಡುವ ಬದಲು ಹಾಳೆಯೇ ಹರಿದಿದೆ.

ಅದೇ ಕಚೇರಿಯ ಬಾಗಿಲಿಗೆ ಒಂದು ಬೆಳಿಗ್ಗೆ, ಮಸ್ಟರ್‌ಗೆ (ಬೆಳಗಿನ ಹಾಜರಿಗೆ) ಇನ್ನೂ ಹೊತ್ತಿದ್ದಾಗ, ಕಾರ್ಮಿಕರ ಲೈನ್ ಮನೆಯ ಒಬ್ಬಾಕೆ ಬಂದು ನಿಂತಳು. ಹಿಂದಿನ ರಾತ್ರಿ ಕರಿಮೆಣಸು ಕಳವಿನ ವಿಚಾರಣೆಗೆಂದು ಗಂಡನನ್ನು ಠಾಣೆಗೆ ಕರೆದೊಯ್ದಿದ್ದರು. ಆಕೆ ಅಳುತ್ತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ, ಮಡಿಸಿ ಮಡಿಸಿ ಚಿಕ್ಕದಾಗಿಸಿದ್ದ ನೋಟುಗಳನ್ನು ಮೇಜಿನ ಮೇಲೆ ಹರಡಿ, "ರೈಟರಮ್ಮಾ, ಇಷ್ಟು ಸಾಕಾಗುತ್ತದಾ?" ಎಂದು ಕೇಳಿದಳು.

ದುಡ್ಡೆಷ್ಟು ಎಂಬುದರ ಬದಲು ಅಲ್ಲಿ ಏನು ಕೇಳಬೇಕು ಎಂದು ಯಾರಾದರೂ ನನ್ನನ್ನು ಕೇಳಲಿ ಎಂಬುದು ಅಂದಿನಿಂದ ನನ್ನ ಆಸೆ. ಬಂಧಿಸಿದ್ದೀರಾ ಅಥವಾ ಬರೀ ವಿಚಾರಣೆಯೇ ಎಂದು ಕೇಳಬೇಕು. ಬಂಧಿಸಿದ್ದರೆ ಕಾರಣವನ್ನು ಆತನಿಗೆ ತಿಳಿಸಬೇಕು, ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ಬಂಧನದ ಮೆಮೊಗೆ ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಇರಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇವುಗಳಲ್ಲಿ ಹೆಚ್ಚಿನವು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಲ್ಲೇ ಇದ್ದವು, ಈಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿವೆ. ಬಂಧನದ ಅಗತ್ಯವಿಲ್ಲದಿದ್ದರೆ ಅದರ 35(3)ನೇ ಕಲಮಿನಡಿ ಹಾಜರಾಗಲು ನೋಟಿಸ್ ಕೊಟ್ಟು ಕಳುಹಿಸಬೇಕು. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100.

ನೋಟುಗಳನ್ನು ಮತ್ತೆ ಗಂಟು ಕಟ್ಟಿಸಿ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಆಕೆಯ ಜೊತೆ ಠಾಣೆಗೆ ಹೋದೆ. ಹಾಳೆ ನೋಡಿದವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ನೀವು ಲಾಯರಾ?" ಅಲ್ಲ, ತೋಟದ ರೈಟರ್ ಎಂದೆ. ಮಧ್ಯಾಹ್ನದ ಹೊತ್ತಿಗೆ ನೋಟಿಸ್ ಹಿಡಿದುಕೊಂಡು ಆತ ಹೊರಗೆ ಬಂದ. ನಾನಿಲ್ಲದಿದ್ದರೂ ಬರುತ್ತಿದ್ದನೇನೋ.

ನೀವೂ ಸೇರಬೇಕೆಂದಿದ್ದರೆ, ಆ ಸಂಸ್ಥೆಯ ಆ ಕೋರ್ಸಿಗೇ ಅನುಮತಿಯಿದೆಯೇ ಎಂದು ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ನೋಡಿಯೇ ಫೀಸು ಕಟ್ಟಿ. ಪರೀಕ್ಷೆ ಯಾವ ತಿಂಗಳಲ್ಲಿ ಎಂದೂ ವಿಚಾರಿಸಿಕೊಳ್ಳಿ. ಜುಲೈ ಎಂದರೆ ಮೈಸೂರಿನಲ್ಲಿರುವ ನೆಂಟರ ಮನೆಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ; ಮರ ಬಿದ್ದು ಕರೆಂಟ್ ಹೋಯಿತು, ಟವರ್ ಸತ್ತುಹೋಯಿತು ಎಂಬ ಕೊಡಗಿನ ಕಾರಣ ಆನ್‌ಲೈನ್ ಪರೀಕ್ಷೆಯ ಮೇಲ್ವಿಚಾರಕರಿಗೆ ಅರ್ಥವಾಗುವುದಿಲ್ಲ.