ಹನ್ನೆರಡೇ ಜನ

2022ರ ಆ ಪುಟ್ಟ ಅಧ್ಯಯನವನ್ನು ಇವತ್ತು ಮತ್ತೆ ಓದಿದೆ. ಗುದನಾಳದ ಕ್ಯಾನ್ಸರ್ ಇದ್ದ 12 ಜನ. ಡೋಸ್ಟಾರ್ಲಿಮ್ಯಾಬ್ ಅನ್ನೋ ಔಷಧಿ, ಮೂರು ವಾರಕ್ಕೊಮ್ಮೆ, ಆರು ತಿಂಗಳು. ಹನ್ನೆರಡೂ ಜನರಲ್ಲಿ ಗಡ್ಡೆ ಕಾಣದಂತಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ. ಕಣ್ಣು ತುಂಬಿ ಬಂತು. (ಎಲ್ಲ ಗಡ್ಡೆಗೂ ಅಲ್ಲ, ಡಿಎನ್‌ಎ ತಪ್ಪು ತಿದ್ದುವ ಶಕ್ತಿ ಕಳೆದುಕೊಂಡವಕ್ಕೆ ಮಾತ್ರ.)

ಪಕ್ಕದಲ್ಲೇ ಇನ್ನೊಂದು ಅಂಕಿ ಇದೆ: 74ರಿಂದ 100. ಹನ್ನೆರಡಕ್ಕೆ ಹನ್ನೆರಡೂ ಗೆದ್ದರೂ ನಿಜವಾದ ಯಶಸ್ಸು ನೂರಕ್ಕೆ 74 ಇದ್ದರೂ ಇರಬಹುದು. ಜನ ಅಷ್ಟು ಕಡಿಮೆ, ಅಲ್ವಾ? ಆ ಸಾಲನ್ನು ದಯವಿಟ್ಟು ಬಿಟ್ಟು ಓದಬೇಡಿ.

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಹಡಗಿನಲ್ಲಿ ಸ್ಕರ್ವಿಗೆ (ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ) ಮದ್ದು ಹುಡುಕಿದ್ದೂ 12 ನಾವಿಕರಲ್ಲೇ. ಕಿತ್ತಳೆ, ನಿಂಬೆ ಸಿಕ್ಕಿದ್ದು ಇಬ್ಬರಿಗೆ. ಎಲ್ಲರಿಗಿಂತ ಬೇಗ ಎದ್ದು ಓಡಾಡಿದ್ದು ಅವರೇ.