ಏತದ ಕೊನೆಯ ಕಲ್ಲು

ಹೋದ ತಿಂಗಳು ಒಂದು ಭಾನುವಾರ ನನ್ನ ಮಗಳು ಪಕ್ಕದ ಮನೆಯಿಂದ ಓಡಿ ಬಂದು, "ಅಮ್ಮಾ, ತಾತನ ಕೋವಿಗೆ ವಯಸ್ಸಾಯ್ತಂತೆ. ತಾತ ಊಟ ಮಾಡಿಲ್ಲ" ಅಂದಳು.

ತಾತ ಅಂದರೆ ನಮ್ಮ ನೆರೆಯವರು. ಎಪ್ಪತ್ತು ದಾಟಿದೆ. ಮೊಂಟಾನಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಮ್ಮ ಮನೆ ಮುಂದಿನ ಹಿಮ ತೆಗೆದುಕೊಟ್ಟವರು ಅವರೇ. ಇಲ್ಲಿ ಅಕ್ಟೋಬರ್ ಕೊನೆಯಿಂದ ಐದು ವಾರ ಬೇಟೆಯ ಕಾಲ. ಆ ಐದು ವಾರಕ್ಕಾಗಿಯೇ ಅವರು ಉಳಿದ ವರ್ಷ ಕಾಯುತ್ತಾರೆ.

ಬೇಟೆ ನನಗೆ ಇಷ್ಟವಿಲ್ಲ. ಮಧುಗಿರಿ ಕಡೆಯ ಮೈದನಹಳ್ಳಿ ಬಯಲಲ್ಲಿ ಕೃಷ್ಣಮೃಗ ಜಿಗಿಯುವುದನ್ನು ನೋಡಿ ಬೆಳೆದವಳು ನಾನು. ನಮ್ಮ ಕಡೆ ಕೋವಿ ಅಂದರೆ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವ ವಸ್ತು, ಅಷ್ಟೆ. ಆದರೂ ಹೋದೆ. ಊಟ ಬಿಟ್ಟಿದ್ದಾರೆ ಅಂದರೆ ಸುಮ್ನೆ ಇರೋಕೆ ಆಗುತ್ತಾ?

ಗ್ಯಾರೇಜಿನಲ್ಲಿ ರೈಫಲ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಯಂತ್ರಭಾಗ ಮೌಸರ್ 98 ಅನ್ನೋ ಹಳೆಯ ಜರ್ಮನ್ ಮಾದರಿಯದು. ಅದಕ್ಕೆ ಸುಮಾರು 35 ವರ್ಷದ ಹಿಂದೆ ಒಬ್ಬ ಕೋವಿ ಕೆಲಸದವರು ಇವರ ತೋಳಿನ ಅಳತೆಗೇ ವಾಲ್ನಟ್ ಮರದ ಹಿಡಿ ಕೆತ್ತಿ ಕೂರಿಸಿದ್ದರು. ಈಗ ನಳಿಗೆ ಸವೆದಿದೆ. ಪ್ರತಿ ಸಲ ಗುಂಡು ಹಾರಿದಾಗಲೂ ಬಿಸಿ ಗಾಳಿ ಗುಂಡು ಕೂರುವ ಜಾಗದ ಮುಂದಿನ ಉಕ್ಕನ್ನು ಒಂದಿಷ್ಟು ಸುಡುತ್ತದೆಯಂತೆ. ಮೊದಲು 100 ಗಜ ದೂರದಲ್ಲಿ ಮೂರು ಗುಂಡು ಒಂದಿಂಚಿನೊಳಗೆ ಬೀಳುತ್ತಿದ್ದವು. ಈಗ ಮೂರಿಂಚು ಹರಡುತ್ತವೆ.

"ಬೇರೆ ರೈಫಲ್ ತಗೋಬಹುದಲ್ವಾ?" ಅಂದೆ. ಅವರು ಮಾತಾಡಲಿಲ್ಲ. ಗುಂಡು ಕೂರುವ ಜಾಗ ಮುಚ್ಚುವ ಬೋಲ್ಟ್ ತೆಗೆದು, ಒಳಗೆ ಖಾಲಿ ಇದೆ ಅಂತ ನನಗೂ ತೋರಿಸಿ, ಮತ್ತೆ ಹಾಕಿದರು. ಆಮೇಲೆ ರೈಫಲ್ ಅನ್ನು ನನ್ನ ಎರಡು ಬೆರಳ ಮೇಲೆ ಅಡ್ಡಲಾಗಿ ಇಟ್ಟರು. ಅದು ಅಲ್ಲಾಡದೆ ನಿಂತಿತು. ಮೂತಿಯೂ ಬಾಗಲಿಲ್ಲ, ಹಿಡಿಯೂ ಬಾಗಲಿಲ್ಲ. "ಇದನ್ನ ಎಲ್ಲಿಂದ ಕೊಂಡು ತರಲಿ?" ಅಂದರು.

ಹಾಗಾಗಿ ನಳಿಗೆಯೊಂದನ್ನೇ ಬದಲಿಸಬೇಕು. ಅದಕ್ಕೆ ಸಲಹೆ ಕೊಟ್ಟವರು ಬೇಕಾದಷ್ಟು ಜನ. ಒಬ್ಬರು ದಪ್ಪ ನಳಿಗೆ ಹಾಕಿಸಿ, ಬೇಗ ಬಿಸಿಯಾಗಲ್ಲ ಅಂದರಂತೆ. ಇನ್ನೊಬ್ಬರು 22 ಇಂಚಿನ ಬದಲು 24 ಇಂಚು ಹಾಕಿಸಿ, ವೇಗ ಜಾಸ್ತಿ ಆಗುತ್ತೆ ಅಂದರಂತೆ. ಮತ್ತೊಬ್ಬರು ಕಾರ್ಬನ್ ಫೈಬರ್ ಸುತ್ತಿದ್ದು ತಗೊಳ್ಳಿ ಅಂದರಂತೆ. ನನಗೆ ಇದರಲ್ಲಿ ಒಂದೂ ಗೊತ್ತಾಗುವುದಿಲ್ಲ. ಆದರೆ ಗೊತ್ತಾಗುವವರೊಬ್ಬರು ತುಮಕೂರಿನಲ್ಲಿದ್ದಾರೆ.

ನಮ್ಮಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್ ರೂಮಿನಲ್ಲಿದ್ದರು. ಇಲ್ಲಿ ಭಾನುವಾರ ಸಂಜೆ ಏಳು ಅಂದರೆ ಅಲ್ಲಿ ಸೋಮವಾರ ಬೆಳಿಗ್ಗೆ. ಅಪ್ಪ ಕಾಫಿ ಲೋಟ ಹಿಡಿದು ವಿಡಿಯೋದಲ್ಲಿ ಬಂದರು. ನಾನು ನಡುವೆ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುತ್ತಾ ಹೋದೆ.

ಅಪ್ಪ ಮೊದಲು ಕೇಳಿದ್ದು, "ಹಳೇ ನಳಿಗೆ ಇನ್ನೂ ಇದೆಯೇನಮ್ಮ? ಬಿಸಾಕಬೇಡಿ ಅಂತ ಹೇಳು. ಉದ್ದಕ್ಕೂ ಇಂಚಿಗೊಂದು ಕಡೆ ದಪ್ಪ ಅಳೆದು ಬರ್ಕೊಳ್ಳಲಿ. ಹೊಸದು ಅದೇ ಆಕಾರಕ್ಕೆ ಬರಬೇಕು."

ಕಾರಣ ಹೇಳಿದರು. ಈ ನಳಿಗೆಯ ತುದಿ 0.56 ಇಂಚು ದಪ್ಪ. ಅದನ್ನು 0.66 ಮಾಡಿದರೆ ನೋಡೋಕೆ ಅಂಥಾ ವ್ಯತ್ಯಾಸ ಕಾಣಲ್ಲ. ಆದರೆ ತೂತು ಕಳೆದು ಲೆಕ್ಕ ಹಾಕಿದರೆ ತುದಿಯಲ್ಲಿ ಉಕ್ಕು ಒಂದೂವರೆ ಪಟ್ಟು ಆಗುತ್ತದೆ. ನಳಿಗೆ ಕೂರಲು ಕೈಯಿಂದ ಕೆತ್ತಿದ ಮರದ ಕಾಲುವೆಯನ್ನೂ ಮತ್ತೆ ಕೊರೆಯಬೇಕಾಗುತ್ತದೆ. ಇನ್ನು ಎರಡಿಂಚು ಉದ್ದ ಮಾಡಿದರೆ? ಇಂಚಿಗೆ ಸೆಕೆಂಡಿಗೆ 20–30 ಅಡಿ ವೇಗ ಸಿಗುತ್ತದೆ ಅಂತ ತಾತ ಹೇಳಿದರು. ಕೂಡುವ ತೂಕ ಬರೀ 45 ಗ್ರಾಂ. "ಅಷ್ಟೇ ಅಲ್ವಾ ಅಪ್ಪ?" ಅಂದೆ.

"ಎಷ್ಟು ಗ್ರಾಂ ಅಂತಲ್ಲಮ್ಮ. ಅದು ಎಲ್ಲಿ ಕೂತಿದೆ ಅಂತ ನೋಡು. ನಮ್ಮೂರ ಏತ ನೆನಪಿಲ್ವಾ? ಏತದ ಕೊನೆಯ ಕಲ್ಲು ಒಂದು ಗೇಣು ಆಚೆ ಸರಿದರೆ ಎಳೆಯೋನ ತೋಳಿಗೆ ಗೊತ್ತಾಗೋದು."

ಬಾವಿಯಿಂದ ನೀರೆತ್ತುವ, ಒಂದು ಕೊನೆಗೆ ಕಲ್ಲು ಕಟ್ಟಿದ ಉದ್ದನೆಯ ಮರವೇ ಏತ. ನಾನು ಅದನ್ನು ನೋಡಿಲ್ಲ. ನಾನು ಹುಟ್ಟುವ ಹೊತ್ತಿಗೆ ಕೊರಟಗೆರೆ ಕಡೆ ಬಾವಿಗಳಿಗೆಲ್ಲ ಪಂಪ್‌ಸೆಟ್ ಬಂದಿತ್ತು. ಏತ ಅಂದರೆ ಏನು ಅಂತ ಕೈಯಲ್ಲೇ ಮಾಡಿ ತೋರಿಸಿದೆ. ತಾತ ಮೇಜು ಕುಟ್ಟಿ, "ಅದೇ! ಅದೇ!" ಅಂದರು. ಬೇಟೆಯಲ್ಲಿ ಹಾರಿಸುವುದು ಒಂದೋ ಎರಡೋ ಗುಂಡು, ಅದೂ ತಣ್ಣಗಿರುವ ನಳಿಗೆಯಿಂದ. ದಪ್ಪ ನಳಿಗೆ ಗುರಿ ಅಭ್ಯಾಸ ಮಾಡುವವರಿಗೆ ಸರಿ. ದಿನವಿಡೀ ಬೆಟ್ಟ ಹತ್ತುವವನಿಗೆ ರೈಫಲ್ ತಾನಾಗಿ ಹೆಗಲಿಗೆ ಬರಬೇಕು ಅಂದರು.

ಆಮೇಲೆ ತಿರುಪಿನ ಮಾತು ಬಂತು. ಮೌಸರ್‌ನಲ್ಲಿ ನಳಿಗೆ ತಿರುಗಿಸಿ ಕೂರಿಸುವ ತಿರುಪಿನ ಥ್ರೆಡ್‌ನ ಕೋನ 55 ಡಿಗ್ರಿ ಅಂದರು ತಾತ. "60 ಅಲ್ವಾ?" ಅಂದರು ಅಪ್ಪ. ಅಲ್ಲ, 55, ಇಂಚಿಗೆ 12 ಥ್ರೆಡ್. ಅಪ್ಪ ಲೋಟ ಕೆಳಗಿಟ್ಟರು. "ಅದು ವಿಟ್‌ವರ್ತ್ ಥ್ರೆಡ್ ಕಣಮ್ಮ, ಹಳೇ ಬ್ರಿಟಿಷ್ ಅಳತೆ! 60ರ ಟೂಲ್ ಇಟ್ಟು ಕೊರೆದರೆ ಕೆಟ್ಟುಹೋಗುತ್ತೆ. ಕೆಲಸ ಮಾಡೋನಿಗೆ ಮೊದಲೇ ಹೇಳೋಕೆ ಹೇಳು." ಅಪ್ಪನ ಮುಖದಲ್ಲಿ ಅಷ್ಟು ಬೆಳಕು ನೋಡಿ ಎಷ್ಟು ವರ್ಷವಾಗಿತ್ತೋ.

ಫೋನ್ ಇಡುವ ಮುಂಚೆ ತಾತ ಒಂದು ಮಾತು ಕೇಳಿದರು. "ನಿಮ್ಮ ಹತ್ರ ಈ ಕೆಲಸ ಕಲಿತವರು ಈಗ ಎಲ್ಲಿದ್ದಾರೆ?"

ಅದನ್ನು ಕನ್ನಡದಲ್ಲಿ ಹೇಳೋಕೆ ನನಗೆ ನಾಲಿಗೆ ಬರಲಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಆ ಜಾಗ ಈಗ ಇಸ್ರೋಗೆ ಹೋಗಿದೆ. ಗುಬ್ಬಿ ಹತ್ತಿರ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಯೂ ಶುರುವಾಯಿತು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಉಕ್ಕಿನ ಮೇಲೆ ಬೆರಳಾಡಿಸಿ ಏರುಪೇರು ಹೇಳಬಲ್ಲ ಎಷ್ಟೋ ಜನ ನಮ್ಮೂರಲ್ಲಿ ಮನೆ ಜಗಲಿಯ ಮೇಲೆ ಸುಮ್ಮನೆ ಕೂತು ಮುದುಕರಾದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಮಗಳಾದ ನಾನೂ ಕೇಳಲಿಲ್ಲ. ಅಪ್ಪನ ಮೈಕ್ರೋಮೀಟರ್ ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಯ ಕೆಳಗಿದೆ. ಪ್ರತಿ ಆಯುಧಪೂಜೆಗೆ ಹೊರಗೆ ತೆಗೆದು ಕುಂಕುಮ ಇಟ್ಟು ಮತ್ತೆ ಒಳಗಿಡುತ್ತಾರೆ.

ನಾನು ತಡವರಿಸಿದ್ದು ಅಪ್ಪನಿಗೆ ಗೊತ್ತಾಯಿತು. "ಏನಂದ್ರು?" ಅಂದರು. "ಥ್ಯಾಂಕ್ಸ್ ಅಂದ್ರಪ್ಪ" ಅಂದೆ.

ತಾತ ಕೊನೆಗೆ 22 ಇಂಚಿನ ನಳಿಗೆಯನ್ನೇ ಹೇಳಿದ್ದಾರೆ. ಹಳೆಯದರದೇ ಆಕಾರ, ಒಳಗಿನ ಸುರುಳಿ ಗೆರೆ ಹತ್ತಿಂಚಿಗೆ ಒಂದು ಸುತ್ತು. ಸ್ಟೇನ್‌ಲೆಸ್ ಬೇಡ, ಕಪ್ಪು ನೀಲಿ ಬಣ್ಣ ಹಿಡಿಯುವ, ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ಕ್ರೋಮೋಲಿ ಉಕ್ಕೇ ಬೇಕು ಅಂದಿದ್ದಾರೆ. ಅಳತೆಯ ಚೀಟಿಯ ಫೋಟೋ ಅಪ್ಪನಿಗೂ ಹೋಯಿತು. ಅಪ್ಪ ಅದನ್ನು ತಿದ್ದಿ ಒಂದು ನಕ್ಷೆ ಬರೆದು ಕಳಿಸಿದರು. ಪೆನ್ಸಿಲಿನಲ್ಲಿ, ಅದೇ ಹಳೆಯ ಟೂಲ್ ರೂಮ್ ಅಕ್ಷರದಲ್ಲಿ.

ಈಗ ಪ್ರತಿ ವಾರ ಫೋನ್ ಎತ್ತಿದ ಕೂಡಲೇ ಅಪ್ಪ ಕೇಳುವುದು ಮೊಮ್ಮಗಳನ್ನಲ್ಲ.

"ನಳಿಗೆ ಬಂತೇನಮ್ಮ?"