‘ಬಿಟ್ವೀನ್ ಯು ಅಂಡ್ ಐ’ ಯಾಕ್ ತಪ್ಪು ಸರ್?

ಧಾರವಾಡದ ಸಪ್ತಾಪುರದಲ್ಲಿ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವುದು ನನ್ನ ಕೆಲಸ. ರೋಣ, ಮುಂಡರಗಿ, ಹಾನಗಲ್ಲ, ರಾಣೆಬೆನ್ನೂರು ಕಡೆಯಿಂದ ಬಂದು ರೂಮು ಹಿಡಿದು ಓದುವವರೇ ಹೆಚ್ಚು. ಬಹಳಷ್ಟು ಜನ ಹತ್ತನೆಯವರೆಗೆ ಕನ್ನಡ ಮಾಧ್ಯಮದವರು. ‘ತಪ್ಪು ಗುರುತಿಸಿ’ ಪಾಠಕ್ಕೆ ಬಂದೆವು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ: “ಸರ್, ‘ಬಿಟ್ವೀನ್ ಯು ಅಂಡ್ ಐ’ ಕೇಳಾಕ ಛಲೋ ಅನಸ್ತದ. ನೀವು ‘ಬಿಟ್ವೀನ್ ಯು ಅಂಡ್ ಮಿ’ ಅನ್ರಿ ಅಂತೀರಿ. ಯಾಕ್ರೀ?”

ನಿಯಮ ಸಣ್ಣದು. ಟು, ಫಾರ್, ವಿತ್, ಫ್ರಮ್, ಬಿಟ್ವೀನ್ ಇಂಥ ಪ್ರಿಪೊಸಿಷನ್ ಆದ ಮೇಲೆ ಬರುವ ಸರ್ವನಾಮಕ್ಕೆ ಕರ್ತೃವಿನ ರೂಪ ಸಲ್ಲದು. ಐ ಇದ್ದದ್ದು ಮಿ ಆಗುತ್ತದೆ, ಹಿ ಹಿಮ್ ಆಗುತ್ತದೆ, ಶಿ ಹರ್, ವಿ ಅಸ್, ದೇ ದೆಮ್. ಯು ಮತ್ತು ಇಟ್ ಎಲ್ಲಿ ಕೂತರೂ ಹಾಗೇ ಇರುತ್ತವೆ. ಇಷ್ಟನ್ನು ಬಾಯಿಪಾಠ ಮಾಡಿದವರೂ ಪರೀಕ್ಷೆಯಲ್ಲಿ ಮತ್ತೆ ಐ ಸರಿ ಎಂದೇ ಗುರುತು ಹಾಕಿ ಬರುತ್ತಾರೆ. ಹಾಗಾಗಿ ಕಾರಣ ಹೇಳಬೇಕಾಗುತ್ತದೆ.

ನಮ್ಮ ಭಾಗದ ಮಕ್ಕಳಿಗೆ ಇದು ಹೊಸ ವಿದ್ಯೆ ಅಲ್ಲವೇ ಅಲ್ಲ. ‘ನಾನು ಸಂಗಾಟ ಬಾ’ ಅಂತ ಯಾವ ಕೂಸೂ ಅನ್ನುವುದಿಲ್ಲ, ‘ನನ್ನ ಸಂಗಾಟ ಬಾ’ ಅನ್ನುತ್ತದೆ. ನಾನು, ನನ್ನನ್ನು, ನನ್ನಿಂದ, ನನಗೆ, ನನ್ನ, ನನ್ನಲ್ಲಿ ಎಂದು ರೂಪ ಬದಲಿಸುತ್ತಲೇ ನಾವು ದಿನವಿಡೀ ಮಾತಾಡುತ್ತೇವೆ. ಕೇಶಿರಾಜ 13ನೇ ಶತಮಾನದಲ್ಲೇ ‘ಶಬ್ದಮಣಿದರ್ಪಣ’ದಲ್ಲಿ ಈ ವಿಭಕ್ತಿಗಳನ್ನು ಕೂತು ವಿವರಿಸಿದ್ದಾನೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೂ ನಾಮಪದಕ್ಕೆ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲ ಸರಿದಂತೆ ಅವು ಸವೆದು ಹೋಗಿ, ಹಳೆಯ ಗುರುತು ಹೆಚ್ಚಾಗಿ ಸರ್ವನಾಮಗಳಲ್ಲೇ ಉಳಿಯಿತು. ‘ಟು ರವಿ’, ‘ವಿತ್ ರವಿ’ ಅಂದಾಗ ರವಿ ಬದಲಾಗುವುದಿಲ್ಲ, ‘ಟು ಮಿ’ ಅಂದಾಗ ಮಾತ್ರ ಬದಲಾವಣೆ ಕಾಣುತ್ತದೆ. ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರೂ ಇಲ್ಲಿ ಎಡವುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ. ವಿಭಕ್ತಿ ಗಮನಿಸುವ ರೂಢಿ ಅವರಿಗೆ ತಪ್ಪಿಹೋಗಿದೆ, ನಮಗೆ ಇನ್ನೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೊರತೆ ಅಂದುಕೊಂಡು ಕುಗ್ಗಿ ಕೂರುವ ಮಕ್ಕಳಿಗೆ ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ.

ಹಾಗಿದ್ದರೆ ‘ಅಂಡ್ ಐ’ ಬಾಯಿಗೆ ಬರುವುದು ಎಲ್ಲಿಂದ? ಶಾಲೆಯಲ್ಲಿ ‘ಮಿ ಅಂಡ್ ರವಿ ವೆಂಟ್’ ಅಂದವರನ್ನು ತಿದ್ದಿ ‘ರವಿ ಅಂಡ್ ಐ ವೆಂಟ್’ ಅನ್ನಿಸಿರುತ್ತಾರೆ. ಅಲ್ಲಿ ಅದು ಸರಿ, ಯಾಕೆಂದರೆ ಹೋದವರು ಅವರಿಬ್ಬರು, ಅವರೇ ಕರ್ತೃ. ಆದರೆ ‘ಅಂಡ್ ಐ’ ಅಂದರೆ ಮರ್ಯಾದೆಯ ಇಂಗ್ಲಿಷ್, ‘ಅಂಡ್ ಮಿ’ ಅಂದರೆ ಒರಟು ಅನ್ನುವ ಭಾವನೆ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಎರಡಕ್ಕೂ ಅಂಜಿದವರು ಮೈಸೆಲ್ಫ್ ಹಿಡಿಯುತ್ತಾರೆ: ‘ಕಾಂಟ್ಯಾಕ್ಟ್ ರವಿ ಆರ್ ಮೈಸೆಲ್ಫ್’. ಅಲ್ಲಿಯೂ ಮಿ ಸಾಕು.

ಓದಿಕೊಂಡ ಹುಡುಗರು ಒಂದು ಎದುರುಪ್ರಶ್ನೆ ಹಾಕುತ್ತಾರೆ: ಶೇಕ್ಸ್‌ಪಿಯರ್ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ‘ಬಿಟ್ವೀನ್ ಯು ಅಂಡ್ ಐ’ ಎಂದೇ ಬರೆದಿದ್ದಾನಲ್ಲ? ಬರೆದಿದ್ದಾನೆ, ಆಂಟೋನಿಯೊ ತನ್ನ ಗೆಳೆಯನಿಗೆ ಕಳಿಸುವ ಪತ್ರದಲ್ಲಿ ಆ ಮಾತಿದೆ. ಆ ಕಾಲಕ್ಕೆ ಇಂಗ್ಲಿಷ್ ವ್ಯಾಕರಣ ಇಷ್ಟು ಬಿಗಿಯಾಗಿರಲಿಲ್ಲ. 18ನೇ ಶತಮಾನದ ವ್ಯಾಕರಣಕಾರರು ಬಂದ ಮೇಲೆ ನಿಯಮಗಳು ಗಟ್ಟಿಯಾದವು. ಪರೀಕ್ಷೆ ನಡೆಯುವುದು ಈ ನಿಯಮದ ಮೇಲೆ, ಮತ್ತು ಇವತ್ತಿನ ಬರವಣಿಗೆಯ ಇಂಗ್ಲಿಷೂ ಇದನ್ನೇ ಬೇಡುತ್ತದೆ.

ಸಂಶಯ ಬಂದರೆ ಜೊತೆಗಿರುವ ಹೆಸರನ್ನು ತೆಗೆದು ಓದಿ. ‘ದಿ ಮ್ಯಾನೇಜರ್ ಸ್ಪೋಕ್ ಟು ಸವಿತಾ ಅಂಡ್ ಐ’ ಎಂಬುದರಲ್ಲಿ ಸವಿತಾಳನ್ನು ತೆಗೆದರೆ ಉಳಿಯುವುದು ‘ಸ್ಪೋಕ್ ಟು ಐ’. ಕಿವಿ ಒಪ್ಪುವುದಿಲ್ಲ. ಬಿಟ್ವೀನ್‌ಗೆ ಇಬ್ಬರು ಬೇಕಾದ್ದರಿಂದ ಅಲ್ಲಿ ಒಬ್ಬರನ್ನು ತೆಗೆಯಲು ಬರುವುದಿಲ್ಲ. ಇಬ್ಬರನ್ನೂ ಸೇರಿಸಿ ನೋಡಿ: ‘ಬಿಟ್ವೀನ್ ಅಸ್’ ಅನ್ನುತ್ತೇವೆ, ‘ಬಿಟ್ವೀನ್ ವಿ’ ಅಂತ ಯಾರೂ ಅನ್ನುವುದಿಲ್ಲ.

ಆಫ್ ಬಂದ ಕಡೆ ತೊಡಕು ಬೇರೆ ಥರದ್ದು. ‘ಈಚ್ ಆಫ್ ದೆಮ್’ ನೋಡಿ ಅನೇಕರು ದೆಮ್‌ಗೆ ಹೊಂದಿಸಿ ಹ್ಯಾವ್ ಬರೆಯುತ್ತಾರೆ. ಕರ್ತೃ ಈಚ್ ಆಗಿರುವುದರಿಂದ ಹ್ಯಾಸ್ ಬರಬೇಕು. ‘ಒನ್ ಆಫ್ ದೆಮ್’ಗೂ ಇದೇ ನ್ಯಾಯ. ಸಮ್, ಆಲ್, ಮೋಸ್ಟ್ ಇವು ಮಾತ್ರ ಆಫ್ ನಂತರದ್ದನ್ನು ನೋಡಿ ನಡೆಯುತ್ತವೆ: ‘ಸಮ್ ಆಫ್ ಇಟ್ ಈಸ್’, ‘ಸಮ್ ಆಫ್ ದೆಮ್ ಆರ್’.

ಪ್ರಿಪೊಸಿಷನ್ ಬೇಡದ ಕಡೆ ನಾವು ಹಾಕುವುದೂ ಉಂಟು. ‘ಅದರ ಬಗ್ಗೆ ಚರ್ಚೆ ಮಾಡಿದೆವು’ ಎಂಬ ಅಭ್ಯಾಸದಲ್ಲಿ ‘ಡಿಸ್ಕಸ್ಡ್ ಅಬೌಟ್ ಇಟ್’ ಬರೆಯುತ್ತೇವೆ. ‘ಡಿಸ್ಕಸ್ಡ್ ಇಟ್’ ಅಂದರೆ ಮುಗಿಯಿತು. ಇಟ್ ಕೂರುವ ಜಾಗವನ್ನೂ ನೋಡಿಕೊಳ್ಳಬೇಕು. ‘ಲುಕ್ ಆ್ಯಟ್ ಇಟ್’ನಲ್ಲಿ ಆ್ಯಟ್ ನಿಜವಾದ ಪ್ರಿಪೊಸಿಷನ್, ಸರ್ವನಾಮ ಅದರ ನಂತರವೇ ಬರುತ್ತದೆ. ‘ಸ್ವಿಚ್ ಆಫ್’ನಲ್ಲಿ ಆಫ್ ಕ್ರಿಯಾಪದದ ಭಾಗ, ಹಾಗಾಗಿ ಸರ್ವನಾಮ ನಡುವೆ ಸೇರಿ ‘ಸ್ವಿಚ್ ಇಟ್ ಆಫ್’ ಆಗುತ್ತದೆ. ‘ಸ್ವಿಚ್ ಆಫ್ ದಿ ಫ್ಯಾನ್’ ನಡೆಯುತ್ತದೆ, ‘ಸ್ವಿಚ್ ಆಫ್ ಇಟ್’ ನಡೆಯುವುದಿಲ್ಲ.

ನನಗೆ ಅತಿ ಪ್ರೀತಿಯ ಪಾಠ ವಿತ್ ಹಿಮ್ ಕುರಿತದ್ದು. ಒಂದೇ ರೂಮಿನ ಇಬ್ಬರನ್ನು ಇಟ್ಟುಕೊಂಡು ಬೋರ್ಡಿನ ಮೇಲೆ ಬರೆಯುತ್ತೇನೆ: ‘ಬಸವರಾಜ್ ಟೋಲ್ಡ್ ಮಲ್ಲಪ್ಪ ದಟ್ ದಿ ಕೀ ವಾಸ್ ವಿತ್ ಹಿಮ್’. ಚಾವಿ ಯಾರ ಹತ್ರ ಅದ ಅಂತ ಕೇಳಿದರೆ ಅರ್ಧ ಕ್ಲಾಸು ಬಸವರಾಜ ಅನ್ನುತ್ತದೆ, ಇನ್ನರ್ಧ ಮಲ್ಲಪ್ಪ ಅನ್ನುತ್ತದೆ. ಎರಡೂ ಆಗಬಹುದು. ಕನ್ನಡದಲ್ಲಿ ಹೇಳಿ ನೋಡಿ ಅಂತೀನಿ. ‘ಚಾವಿ ತನ್ನ ಹತ್ರ ಅದ ಅಂತ ಬಸವರಾಜ ಮಲ್ಲಪ್ಪಗ ಹೇಳಿದ’ ಅಂದರೆ ಚಾವಿ ಬಸವರಾಜನದೇ ಕಿಸೆಯಲ್ಲಿದೆ, ಗೊಂದಲವೇ ಇಲ್ಲ. ‘ತಾನು’ ಮಾಡುವ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಆಳಿಲ್ಲ.

ಹಿಮ್‌ಸೆಲ್ಫ್ ಹಾಕಿದರೆ ಆಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಆ ವಾಕ್ಯದಲ್ಲಿ ಅದು ಸಲ್ಲುವುದಿಲ್ಲ. ಜೊತೆಯಲ್ಲಿ ಒಯ್ಯುವುದು, ಪಕ್ಕದಲ್ಲಿ ಇಡುವುದು ಇಂಥ ಕಡೆ ಬರೀ ಹಿಮ್ ರೂಢಿ: ‘ಹಿ ಟುಕ್ ಹಿಸ್ ಅಂಬ್ರೆಲಾ ವಿತ್ ಹಿಮ್’. ತನ್ನ ಮೇಲೆ ತಾನೇ ಸಿಟ್ಟಾದಾಗ ಮಾತ್ರ ‘ಆ್ಯಂಗ್ರಿ ವಿತ್ ಹಿಮ್‌ಸೆಲ್ಫ್’ ಬೇಕೇ ಬೇಕು, ಅಲ್ಲಿ ಹಿಮ್ ಅಂದರೆ ಸಿಟ್ಟು ಬೇರೆಯವನ ಮೇಲೆ ಎಂದಾಗುತ್ತದೆ. ಚಾವಿಯ ವಾಕ್ಯ ಪತ್ರದಲ್ಲೋ ಉತ್ತರಪತ್ರಿಕೆಯಲ್ಲೋ ಬಂದರೆ ಸರ್ವನಾಮ ಬಿಟ್ಟು ಹೆಸರನ್ನೇ ಬರೆಯಿರಿ, ಇಲ್ಲವೇ ಬಸವರಾಜನ ಬಾಯಿಂದಲೇ ‘ದಿ ಕೀ ಈಸ್ ವಿತ್ ಮಿ’ ಅನ್ನಿಸಿ.